ನಡಾವಳಿ ಪುಸ್ತಕ

ಜೂನ್ ತಿಂಗಳ ಚಳಿ. ಬ್ಯಾಲರಾಟ್ ದಾಟಿ, ಗುಡ್ಡದ ಬುಡದಲ್ಲಿ ಶಾಲೆ.
ಹೀಟರು ಕೆಮ್ಮಿ ಕೆಮ್ಮಿ ಹೊತ್ತಿಕೊಂಡಿತು.
ಹದಿನೇಳು ಜನ, ಮಕ್ಕಳ ಕುರ್ಚಿಗಳಲ್ಲಿ
ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು.
ಬರೆದುಕೊಳ್ಳುವವಳು ನಾನು. ಆರು ವರ್ಷದಿಂದ ನಾನೇ.
ವಿಷಯ ಒಂದೇ: ಅಂಗಳದ ಪೆಪ್ಪರ್ ಮರ.
ಮಕ್ಕಳು ಹತ್ತಬಹುದೋ, ಹತ್ತಬಾರದೋ.

ಮೊದಲು ಎದ್ದವನು ಡೆನ್ಜಿಲ್ ಪ್ಯಾಸ್ಕೋ.
ಕಾಲರು ಸರಿಸಿ ಹೆಗಲ ಮೂಳೆ ತೋರಿಸಿದ:
‘ಒಂಬತ್ತರ ಹುಡುಗ ನಾನು. ಒಂದೇ ಕೊಂಬೆ. ಒಂದೇ ಕ್ಷಣ.’
ಎರಡನೆಯ ‘ಒಂದೇ’ಗೆ
ಕೋಣೆಯ ಉಸಿರು ನಿಂತಿತು; ನನ್ನ ಪೆನ್ನೂ.
ಯಾರಿಗೂ ಕಾಣದ ಹಾಗೆ ಹಳೆಯ ಪುಟ ತಿರುವಿದೆ.
ಹೋದ ವರ್ಷ, ಕೆರೆಗೆ ಬೇಲಿ ಹಾಕುವ ಚರ್ಚೆಯಲ್ಲಿ
ಇದೇ ಮೂಳೆ ಮುರಿದದ್ದು ಕೆರೆಯ ಕಲ್ಲಿನ ಮೇಲೆ ಜಾರಿ.
ಪಾಪದ ಮೂಳೆ.
ಬೇಕಾದಲ್ಲೆಲ್ಲ ಮುರಿದುಕೊಡುತ್ತದೆ.

ಆಮೇಲೆ ಮೊಯಿರಾ ಟ್ರೆಗೆಂಝಾ. ದನಿ ಏರಿಸಲಿಲ್ಲ, ನಕ್ಕಳು.
‘ಹತ್ತಿಯಲ್ಲಿ ಸುತ್ತಿಟ್ಟ ಮಕ್ಕಳು! ನಾಳೆ
ಬಿಸ್ಕತ್ತು ತಿನ್ನುವುದಕ್ಕೂ ಹೆಲ್ಮೆಟ್ ಹಾಕಿಸೋಣವೇ?’
ನಕ್ಕವರೆಲ್ಲ ಅವಳ ಕಡೆಯವರಾದರು,
ಮತ ಕೇಳುವ ಮೊದಲೇ ಕೈ ಎತ್ತಿದ ಹಾಗೆ.
‘ನಮ್ಮ ಕಾಲದಲ್ಲಿ’ ಎಂದಳು ಆರು ಸಲ;
ಗೆರೆ ಎಳೆದು ಎಣಿಸಿದ್ದೇನೆ.
ಆ ಕಾಲದಲ್ಲಿ ಬಿದ್ದು ಏಳದವರು
ಈ ಕಾಲದ ಸಭೆಗೆ ಬರುವುದಿಲ್ಲ,
ಎದ್ದು ನಿಂತು ಮಾತಾಡುವುದಿಲ್ಲ.

ವಿಮೆಯ ಕಡೆಯವನೊಬ್ಬ ಶೇಕಡಾ ನಲವತ್ತು ಎಂದ.
ಯಾವುದರ ನಲವತ್ತು ಎಂದು ಕೇಳುವಷ್ಟರಲ್ಲಿ
ಲಾಮಿಂಗ್ಟನ್ ಕೇಕಿನ ತಟ್ಟೆ ಬಂತು.
ಯಾರೋ ‘ಒಳ್ಳೆಯ ತಾಯಂದಿರು’ ಎಂದರು.
ಯಾರೋ ‘ನಾವೆಲ್ಲರೂ’ ಎಂದರು.
ಆ ‘ನಾವು’ ಒಂದು ಕಂಬಳಿ. ಎಳೆದವರ ಕಡೆಗೆ ಬರುತ್ತದೆ,
ಅಂಚಿನಲ್ಲಿ ಕೂತವರ ಕಾಲು ತಣ್ಣಗೆ.

ಅಂಚಿನಲ್ಲಿದ್ದವಳು ಬೇಕರಿಯ ಥುಯೆಟ್.
ಮಾರ್ಚಿಯಲ್ಲಿ ಮರದಿಂದ ಬಿದ್ದದ್ದು ಅವಳ ಮಗಳೇ.
ಎರಡೂ ಕಡೆಯವರು ಆ ಮೊಣಕೈಯನ್ನು
ಎತ್ತಿ ಎತ್ತಿ ತೋರಿಸಿದ್ದಾಯಿತು,
ಅದು ತಮ್ಮದೇ ಮೊಣಕೈ ಎಂಬಂತೆ.
ಕೊನೆಗೆ ಅವಳನ್ನೇ ಕೇಳಿದಾಗ ಹೇಳಿದ್ದು ಇಷ್ಟು:
‘ಪಟ್ಟಿ ಬಿಚ್ಚಿದ ದಿನವೇ ಮತ್ತೆ ಹತ್ತಿದಳು.
ನಾನು ಬೇರೆ ಕಡೆ ನೋಡಿದೆ.’
ಅದು ಪರವೋ? ವಿರೋಧವೋ?
ಪೆನ್ಸಿಲಿನಲ್ಲಿ, ಹಾಳೆಯ ಬದಿಗೆ ಬರೆದುಕೊಂಡೆ.
ನಡಾವಳಿಯಲ್ಲಿ ಉಳಿದದ್ದು:
‘ಚರ್ಚೆ ನಡೆಯಿತು. ನಿರ್ಣಯ ಮುಂದಿನ ಸಭೆಗೆ.’

ನಗುವ ಹಕ್ಕು ನನಗಿಲ್ಲ.
ಮನೆಯಲ್ಲಿ ನಾನೂ ಎದ್ದು ನಿಂತು ಮಾತಾಡುವವಳೇ.
ರೋರಿಗೆ ಹತ್ತು. ಶಾಲೆಯಿಂದ ಒಬ್ಬನೇ ನಡೆದು ಬರುತ್ತೇನೆ ಎಂದ.
‘ನಿನ್ನ ಒಳ್ಳೆಯದಕ್ಕೇ’ ಎಂದೆ. ಸಾಲಲಿಲ್ಲ.
‘ಒಬ್ಬ ಹುಡುಗ ಇದ್ದ’ ಎಂದು ಶುರು ಮಾಡಿದೆ.
ಅಂಥ ಹುಡುಗ ಎಲ್ಲೂ ಇರಲಿಲ್ಲ.
ನಂಬಿಕೆ ಬರಲೆಂದು ಕೆಂಪು ಜಾಕೆಟ್ಟು ತೊಡಿಸಿದೆ,
ಮಬ್ಬು ಕವಿದ ರಸ್ತೆಯ ತಿರುವಿನಲ್ಲಿ ನಿಲ್ಲಿಸಿದೆ,
ಲಾರಿಯ ಸದ್ದೂ ಕೇಳಿಸಿದೆ.
ನನ್ನ ಗಂಟಲು ನಿಜವಾಗಿಯೇ ಕಟ್ಟಿತು.
ರೋರಿ ಕೇಳಿದ: ‘ಅವನ ಹೆಸರೇನು?’

ಇಷ್ಟೆಲ್ಲ ಸಿಂಗರಿಸಿದವಳಿಗೆ ಹೆಸರಿಡಲು ಮರೆತಿತ್ತು.

ಗುರುವಾರ, ಮೂರೂವರೆ. ‘ಹೋಗಿ ಬಾ’ ಎಂದಿದ್ದೆ.
ಅಂಚೆ ಕಚೇರಿಯ ಹಿಂದೆ ಕಾರು ನಿಲ್ಲಿಸಿ ಕಾದೆ,
ಮೊದಲನೆಯ ಗೇರಿನಲ್ಲಿ, ಕಳ್ಳಿಯಂತೆ, ಬೆನ್ನು ಹಿಡಿದೆ.
ಅವನು ಬೇಲಿಯ ಸರಳುಗಳ ಮೇಲೆ ಕಡ್ಡಿ ಎಳೆಯುತ್ತ ನಡೆದ.
ಮ್ಯಾಗ್ಪೈ ಹಕ್ಕಿಗೆ ಏನೋ ಹೇಳಿದ.
ತಿರುವಿನಲ್ಲಿ ನಿಂತು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ,
ಹಿಂದಕ್ಕೂ ನೋಡಿದ. ನೇರ ನನ್ನ ಗಾಜಿನೊಳಕ್ಕೆ.
ಆಮೇಲೆ, ಕಂಡೂ ಕಾಣದ ಹಾಗೆ,
ಬೇರೆ ಕಡೆ ನೋಡಿದ.

ಸಂಜೆ ಟೋಸ್ಟಿಗೆ ಬೆಣ್ಣೆ ಹಚ್ಚುತ್ತ ಅಂದ,
ತಲೆ ಎತ್ತದೆ:
‘ಕೆಂಪು ಜಾಕೆಟ್ಟಿನವನು ಸಿಗಲಿಲ್ಲ ಅಮ್ಮ.’