ಇಳಿಯುವ ಮುನ್ನ

ಜೂನ್ ಬಂತು. ಅಬಾನೋ ಘಟ್ಟದ ಹಿಮ ಸರಿಸಿ
ದಾರಿ ಬಿಟ್ಟಿದ್ದಾರಂತೆ. ನಾಳೆ ಮೊದಲ ಪಾಳಿ ನನ್ನದು.
ಹತ್ತಲು ಎಂಜಿನ್ ಇದೆ, ಮುದಿಯಾದರೂ ಮುನಿಯದು.
ಇಳಿಯಲು ಬೇಕಾದದ್ದು ಅಂಗೈಯಲ್ಲಿ ಮುಚ್ಚುವಷ್ಟು:
ಮುಂದಿನ ಗಾಲಿಗೆ ಎರಡೆರಡು ಬ್ರೇಕ್ ಪ್ಯಾಡು.

ತೆಲಾವಿ ಪೇಟೆಯ ಜುಂಬೇರ್, ನನ್ನ ಮುಖ ಕಂಡದ್ದೇ
ಮೂರು ಡಬ್ಬಿ ತೆಗೆದು ಗಾಜಿನ ಮೇಲಿಟ್ಟ.
ಒಂದಕ್ಕೆ ಮೂವತ್ತು ಲರಿ, ಒಂದಕ್ಕೆ ಎಪ್ಪತ್ತು;
ಮೂರನೆಯದರ ಬೆಲೆ ಹೇಳುವ ಮುಂಚೆ ಕೆಮ್ಮಿದ.

ಅಗ್ಗದ್ದನ್ನು ಮೂಸಿದೆ. ಸುಟ್ಟ ರಬ್ಬರಿನ ವಾಸನೆ,
ಅಂಚಿಗೆ ಉಗುರು ತಾಗಿಸಿದರೆ ಪುಡಿ.
ಡಬ್ಬಿಯ ಮೇಲೆ ದೊಡ್ಡ ಕಂಪನಿಯ ಹೆಸರು, ಒಂದಕ್ಷರ ಮಾತ್ರ ಹೆಚ್ಚು.
"ಊರೊಳಗೆ ಓಡಿಸುವವರಿಗೆ," ಅಂದ, ಕಣ್ಣು ತಪ್ಪಿಸಿ.
ದುಬಾರಿಯದು ಸಿರಾಮಿಕ್: ಸದ್ದಿಲ್ಲ, ಗಾಲಿಗೆ ಕರಿ ಮೆತ್ತದು.
ನನ್ನದು ಮದುವಣಗಿತ್ತಿ ಕೂರುವ ಕಾರಲ್ಲ;
ಕುರಿಗಳಿಗೆ ಹತ್ತು ಮೂಟೆ ಉಪ್ಪು, ಗ್ಯಾಸ್ ಸಿಲಿಂಡರು,
ಚೀಲದಲ್ಲಿ ಕೋಳಿ ಹಿಡಿದ ಮುದುಕಿಯರು.
ನಡುವಿನದನ್ನು ಕೈಯಲ್ಲಿ ತೂಗಿದೆ. ಲೋಹದ ಚೂರು ಬೆರೆತದ್ದು,
ಕಾದಷ್ಟೂ ಕಚ್ಚುತ್ತದೆ, ಬೆಳಿಗ್ಗೆ ಮಾತ್ರ ಕಿರುಚುತ್ತದೆ.
"ಕಿರುಚಲಿ. ನನ್ನ ಅತ್ತೆಯೂ ಹಾಗೇ ಇದ್ದಳು,
ಒಂದು ದಿನ ಕೈಬಿಟ್ಟವಳಲ್ಲ."
ಜುಂಬೇರ್ ನಕ್ಕು ಐದು ಲರಿ ಬಿಟ್ಟ.

ಹಿಂದಿನ ಗಾಲಿಗೆ ಕಲ್ಲು. ಜಾಕಿಯ ಕೆಳಗೆ ಹಲಗೆ.
ಅಣ್ಣನ ಮಗ ಉಚಾ, ಹದಿನಾಲ್ಕು, ಬೋಲ್ಟು ಎಣಿಸುವವನು.
ಬಿಚ್ಚಿದ ಕ್ಯಾಲಿಪರ್ ನಳಿಗೆಯಲ್ಲಿ ನೇತಾಡಕೂಡದು,
ಕರುಳು ಹಿಡಿದು ಕರು ಎತ್ತುತ್ತಾರೇನೋ? ತಂತಿ ಕಟ್ಟು.
ಕಟ್ಟಿದ.

ಹಳೆಯವು ಹೊರಬಂದವು. ಹೊರಬದಿಯದು ಬೆರಳ ದಪ್ಪ,
ಒಳಬದಿಯದು ಒಣಗಿದ ಎಲೆ.
ಒಂದೇ ಡಿಸ್ಕಿನ ಎರಡು ಕಡೆ ನಿಂತವರು,
ದುಡಿದದ್ದು ಮಾತ್ರ ಒಬ್ಬ. "ಯಾಕತ್ತೆ ಹೀಗೆ?"
ಜಾರುಪಿನ್ನು ತೋರಿಸಿದೆ: ಒಣಗಿ, ತುಕ್ಕು ಹಿಡಿದು, ಕದಲದು.
"ಗ್ರೀಸು ಹಚ್ಚದೆ ಕೂಡಿಸಿದವರು ಯಾರು?"
ನಾನೇ. ಹೋದ ವರ್ಷ, ಕತ್ತಲಾಗಿತ್ತು, ಅವಸರವಿತ್ತು.
ಹೇಳಲಿಲ್ಲ. ಗ್ರೀಸಿನ ಡಬ್ಬಿ ತಾ ಅಂದೆ.

ಹಳೆ ಪ್ಯಾಡನ್ನೇ ಒತ್ತಿಟ್ಟು ಪಿಸ್ಟನ್ ಹಿಂದಕ್ಕೆ ತಳ್ಳಿದೆವು,
ಕ್ಲಾಂಪಿನ ತಿರುಪು ಅರ್ಧರ್ಧ ಸುತ್ತು.
ಬಾನೆಟ್ಟಿನಡಿ ಬ್ರೇಕ್ ಎಣ್ಣೆ ಮೇಲೇರಿತು;
ಉಕ್ಕುವ ಹಾಲು ಕಾಯುವವನಂತೆ ಉಚಾ
ಸಿರಿಂಜು ಹಿಡಿದು ನಿಂತ.
ಹೊಸವು ಟಕ್ಕೆಂದು ಕೂತವು. ಎಡಕ್ಕೆ. ಆಮೇಲೆ ಬಲಕ್ಕೆ.

ಕೈ ತೊಳೆಯುತ್ತಿದ್ದೆ. ಗೇಟಿನಲ್ಲಿ ಪಕ್ಕದ ಮನೆಯ ಬಾಸೊ:
"ಟ್ರ್ಯಾಕ್ಟರ್ ಒಳಗೆ ಬರಬೇಕು, ಸ್ವಲ್ಪ ಸರಿಸುತ್ತೀಯಾ?"
ಸರಿಸಿದೆ. ಹ್ಯಾಂಡ್‌ಬ್ರೇಕ್ ಇಳಿಸಿದೆ. ನಮ್ಮ ಅಂಗಳ ಇಳಿಜಾರು.
ಪೆಡಲ್ ಒತ್ತಿದೆ.
ಕಾಲು ನೆಲಕ್ಕೇ ಹೋಯಿತು,
ಬತ್ತಿದ ಬಾವಿಗೆ ಬಿಟ್ಟ ಕೊಡದ ಹಾಗೆ.

ಇಪ್ಪತ್ತೆರಡು ಬೇಸಿಗೆ ಆ ಘಟ್ಟ ಇಳಿದವಳು ನಾನು;
ಪ್ಯಾಡು ಬದಲಿಸಿದ ಮೇಲೆ ಮೊದಲು ಪೆಡಲ್ ಒತ್ತೊತ್ತಿ
ಹಿಂದೆ ಸರಿದ ಪಿಸ್ಟನ್ನನ್ನು ಮುಂದಕ್ಕೆ ಕರೆಯಿರಿ ಎಂದು
ಅರ್ಧ ಅಲ್ವಾನಿಗೆ ಪಾಠ ಹೇಳಿದವಳು.
ಬಾತುಗಳು ಚೆದುರಿದವು. ಅಕ್ರೋಟಿನ ಮರ ಎಲ್ಲಿತ್ತೋ ಅಲ್ಲೇ ಇತ್ತು.
ಬಂಪರಿಗೆ ಒಂದು ಗುಳಿ. ಉಚಾ ನಗಲಿಲ್ಲ,
ಅದೇ ಕಷ್ಟವಾಯಿತು.

"ಆ ಪಿನ್ನು ಒಣಗಿಸಿದ್ದೂ ನಾನೇ ಕಣೋ," ಅಂದೆ
ಸೀಟಿನಲ್ಲೇ ಕೂತು, ಒತ್ತುತ್ತ, ಬಿಡುತ್ತ, ಒತ್ತುತ್ತ.
ಏಳನೆಯ ಸಲಕ್ಕೆ ಪೆಡಲ್ ಗಟ್ಟಿಯಾಗಿ
ಪಾದಕ್ಕೆ ಉತ್ತರ ಕೊಟ್ಟಿತು.

ಸಂಜೆ ಬಯಲ ರಸ್ತೆಯಲ್ಲಿ ಅರವತ್ತಕ್ಕೆ ಏರಿಸಿ
ಇಪ್ಪತ್ತಕ್ಕೆ ಇಳಿಸಿದೆ, ಪೂರ್ತಿ ನಿಲ್ಲಿಸದೆ, ಮತ್ತೆ ಮತ್ತೆ.
ಹೊಸ ಪ್ಯಾಡಿಗೂ ಹಳೆ ಡಿಸ್ಕಿಗೂ ಪರಿಚಯವಾಗಬೇಕು,
ಕಾದು, ಆರಿ, ಒಬ್ಬರ ಗೀರು ಒಬ್ಬರಿಗೆ ಒಗ್ಗಿ.
ಕಿಟಕಿಯಲ್ಲಿ ಬೆಂದ ಲೋಹದ ವಾಸನೆ. ಬೆಟ್ಟದ ಮೇಲೆ
ಮೊದಲ ತಿರುವು ಇರುವ ಕಡೆ ಮೋಡ.

ಹಳೆಯವನ್ನು ಬಿಸಾಡಲು ಹೊರಟಿದ್ದ ಉಚಾ.
ದಪ್ಪಗಿನ ಎರಡು ಇಸಕೊಂಡು ಕಾಗದ ಸುತ್ತಿ ಸೀಟಿನಡಿ ಇಟ್ಟೆ,
ಮೇಲೆ ಏನು ಬೇಕಾದೀತೋ ಯಾರಿಗೆ ಗೊತ್ತು.
ತೆಳ್ಳಗಿನದೊಂದು ಅವನ ಜೇಬಿಗೆ ಹೋಯಿತು.
ಯಾಕೆಂದು ಕೇಳಲಿಲ್ಲ.
ಬೆಳಿಗ್ಗೆ ಐದಕ್ಕೆ ಉಪ್ಪು ತುಂಬಬೇಕು.