ಮೇಲಿನ ಗುಂಡಿ

ಮಗುವಿನ ಕೋಟಿನಲ್ಲಿ ಸುತ್ತಿ ತಂದಿದ್ದ,
ಮೋಟಾರ್ ಸೈಕಲ್ಲಿನ ಹಿಂದೆ ಒಂಟೆಕೂದಲ ಹಗ್ಗ ಬಿಗಿದು,
ಅರವತ್ತು ಕಿಲೋಮೀಟರ್, ಮೈನಸ್ ಮೂವತ್ತೊಂದರಲ್ಲಿ.
ಗುಂಡಿ ಬಿಚ್ಚುವಾಗಲೇ ಗೊತ್ತಾಯಿತು ನನಗೆ:
ಹೊಟ್ಟೆ ಉಬ್ಬಿದೆ, ಮೂಲೆಯಲ್ಲಿ ಕೂದಲೆಳೆಯ ಬಿರುಕು,
ಒಳಗೆ ಮಂಜುಗಡ್ಡೆ.

"ಬದುಕುತ್ತಾ ಅಕ್ಕಾ?" ಅಂದ ಚೋಯ್ಜಿಲ್.
ಅಲ್ತಾಯ್ ಬೆಟ್ಟದಿಂದ ಈ ಅಂಗಡಿಗೆ ಇಳಿದು ಬರುವವರೆಲ್ಲ
ಹೀಗೇ ಕೇಳುವುದು, ದನದ ಡಾಕ್ಟರನ್ನು ಕೇಳಿದ ಹಾಗೆ.

ಮೊದಲು ಚಹಾ ಕೊಟ್ಟೆ, ಉಪ್ಪು ಹಾಕಿದ್ದು.
ಆಮೇಲೆ ಬೈದೆ.

ಅಪ್ಪ ಬೈಯುತ್ತಿರಲಿಲ್ಲ.
ಲುವ್ಸಂದೋರ್ಜ್ ಮೇಸ್ತ್ರಿ ಹೈಡ್ರೋಮೀಟರಿನ ಗಾಜುಗೊಳವೆಯನ್ನು
ಕಿಟಕಿಯ ಬೆಳಕಿಗೆ ಹಿಡಿದು ತೋರಿಸುತ್ತಿದ್ದ:
"ಬುರುಡೆ ಎಲ್ಲಿ ತೇಲಿದೆ, ನೋಡು.
ಚಾರ್ಜ್ ತುಂಬಿದ್ದರೆ ಆಮ್ಲ ಮಂದ, ನಮ್ಮ ಚಳಿಗೆ ಜಗ್ಗುವುದಿಲ್ಲ.
ಬರಿದಾದರೆ ಆಮ್ಲವೆಲ್ಲ ಸೀಸಕ್ಕೆ ಅಂಟಿ ಕೂತು
ಉಳಿಯುವುದು ಹೆಚ್ಚೂಕಮ್ಮಿ ನೀರು.
ಚಳಿಯಲ್ಲಿ ನೀರಿಗೆ ಗೊತ್ತಿರುವುದು ಒಂದೇ ಕೆಲಸ."

ಹಿಮ ಕರಗಿಸಿ ಹುಯ್ಯಬೇಡಿ ಅನ್ನುತ್ತಿದ್ದ,
ಎಷ್ಟು ಬೆಳ್ಳಗಿದ್ದರೂ ಅದರಲ್ಲಿ ಗೋಬಿಯ ಧೂಳಿದೆ.
ಬಟ್ಟಿ ಇಳಿಸಿದ ನೀರೇ ಆಗಬೇಕು.
ಅದಕ್ಕೆ ಅವ್ವನ ಹಾಲುಸಾರಾಯಿಯ ಹಂಡೆಯನ್ನೇ ಕದ್ದ.
ಹಬ್ಬದ ದಿನ ನೆಂಟರೆಲ್ಲ ಬಟ್ಟಲೆತ್ತಿ
ಗುಟುಕು ಹೀರಿ, ಮುಖ ಮುಖ ನೋಡಿಕೊಂಡರು:
ನೀರು!
ಅವ್ವ ಆರು ದಿನ ಮಾತು ಬಿಟ್ಟಳು.
ಬ್ಯಾಟರಿಗಳು ಮಾತ್ರ ಒಂಬತ್ತು ವರ್ಷ ಬಾಳಿದವು.

ನಾನು ಬೈಯುತ್ತಲೇ ಇದ್ದೆ.
ಅರ್ಧಕ್ಕಿಂತ ಕೆಳಗೆ ಯಾಕೆ ಇಳಿಸಿದೆ?
ಬರಿದಾದದ್ದನ್ನು ಹೊರಗೆ ಯಾಕೆ ಬಿಟ್ಟೆ?
ಹಲಗೆಯ ಮೇಲೆ ಈ ಬಿಳಿ ಹರಳು ನೋಡು,
ಹಸಿದು ಮಲಗಿದ ದಿನಗಳ ಲೆಕ್ಕ ಅದು, ಇನ್ನು ಅಳಿಸಲಾಗದು.
ತಂತಿಯ ತುದಿಗೆ ಇದೇನು, ಕುರಿಯ ಕೊಬ್ಬೇ?
ವ್ಯಾಸಲೀನ್ ಸವರು ಮಾರಾಯ, ಕೊಬ್ಬಾದರೆ ನಾಯಿ ನೆಕ್ಕುತ್ತದೆ.
ಎಷ್ಟು ಹೊತ್ತು ಉರಿಸಿದೆ ದೀಪ?

"ಹನ್ನೊಂದು ರಾತ್ರಿ."

ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದ.
ಆಡುಗಳು ಈ ಸಲ ಅವಸರ ಮಾಡಿದವಂತೆ.
ಪ್ಯಾನೆಲ್ ಮೇಲೆ ಮೊಣಕೈ ಉದ್ದ ಹಿಮ, ಹಗಲೂ ಬೂದಿಬಣ್ಣ.
ಕೊಟ್ಟಿಗೆಯಲ್ಲಿ ಒಂದೇ ಬಲ್ಬು.
ಬಿದ್ದ ಮರಿ ಒದ್ದೆ ಆರುವ ಮೊದಲೇ ಸೆಟೆಯುತ್ತದೆ;
ಕತ್ತಲಲ್ಲಿ ತಡವಿ ಹುಡುಕುವಷ್ಟು ಹೊತ್ತಿಲ್ಲ.
ಹೆಂಡತಿ ಖಾಂದ್ ಒಂದೊಂದನ್ನೇ ಒರೆಸಿ
ಉಣ್ಣೆಡೇರೆಯ ಒಲೆಯ ಪಕ್ಕಕ್ಕೆ ತಂದಳು.
ಮಗನ ಕೋಟು ಮೊದಲು ಒಂದು ಮರಿಗೆ, ಆಮೇಲೆ
"ಇದಕ್ಕೆ."

ಕೋಟನ್ನು ಮೂಸಿದೆ. ಹೌದು, ಆಡು.

ಅಪ್ಪನ ನೋಟ್‌ಬುಕ್ಕಿನಲ್ಲಿ ಇದಕ್ಕೆ ಪುಟವಿಲ್ಲ.
ಇದ್ದರೂ ಅಲ್ಲಿ ಬರೆದಿರುತ್ತಿದ್ದದ್ದು ಇಷ್ಟೇ:
ಕಾರಣ ಏನೇ ಇರಲಿ, ಬರಿದಾದದ್ದು ಒಡೆಯುತ್ತದೆ.

ತಕ್ಕಡಿಗೆ ಹಾಕಿದೆ. ಸೀಸದ ಬೆಲೆ ಹೇಳಿದೆ.
ಚೌಕಾಶಿ ಮಾಡಲಿಲ್ಲ; ತುಗ್ರಿಕ್ ನೋಟುಗಳನ್ನು ಎಣಿಸಲೂ ಇಲ್ಲ.
ಕಪಾಟಿನ ಎಡದಿಂದ ಮೂರನೆಯದನ್ನು ಇಳಿಸಿದೆ,
ಶಾಲೆಯಿಂದ ಬಂದದ್ದು, ಆರು ವರ್ಷ ಹಳತು,
ಪ್ರತಿ ತಿಂಗಳೂ ನಾನೇ ನೀರು ಕುಡಿಸಿದ್ದು.
ಬುರುಡೆ ಈಗಲೂ ಹಸಿರು ಪಟ್ಟಿಯವರೆಗೆ ಏಳುತ್ತದೆ.
ಬೇಸಿಗೆಗೆ ಉಣ್ಣೆ ಮಾರಿದಾಗ ದುಡ್ಡು ಕೊಡು ಅಂದೆ.
ಡೇರೆಯ ಒಳಗಿಡು, ಒಲೆಯಿಂದ ದೂರ.
ಬೆಳಿಗ್ಗೆ ಚಹಾಕ್ಕೆ ಮೊದಲು ಪ್ಯಾನೆಲ್ ಗುಡಿಸು.
ಚಾರ್ಜ್ ಆದಮೇಲೆ ನೀರು, ಹಲಗೆ ಮುಳುಗುವಷ್ಟು, ಕತ್ತಿನವರೆಗಲ್ಲ.
ಆಮ್ಲ ಹುಯ್ಯಬೇಡ, ಯಾರು ಹೇಳಿದರೂ.

ಅವನು ಅದೇ ಕೋಟು ಹಾಸಿ, ಅದರೊಳಗೆ ಕೂರಿಸಿ,
ತೋಳುಗಳನ್ನು ಸುತ್ತಿ ಗಂಟು ಹಾಕಿ,
ಕೆಳಗಿನಿಂದ ಒಂದೊಂದೇ ಗುಂಡಿ ತೊಡಿಸಿದ.

ಮರಿಗಳು ಎಷ್ಟು, ಕೇಳಿದೆ.
"ಹತ್ತೊಂಬತ್ತರಲ್ಲಿ ಹದಿನೇಳು."

ಬಾಗಿಲ ತನಕ ಹೋಗಿ ಕೂಗಿದೆ:
ಚೋಯ್ಜಿಲ್, ಮೇಲಿನ ಗುಂಡಿ ಬಿಚ್ಚಿಡು,
ಅದಕ್ಕೂ ಉಸಿರಾಡಬೇಕು.