ಆರು ಡಿಗ್ರಿ ಹಿಂದಕ್ಕೆ

ಈ ಊರಲ್ಲಿ ಮರ ಎಂದರೆ ದೀಪದ ಕಂಬ.
ನೆವಾಡಾ. ಗಾಳಿಗೆ ತಗಡು ದಿನವಿಡೀ ಗೊಣಗುತ್ತದೆ.
ಸೈನ್ಯ ಹರಾಜಿಗೆ ಬಿಟ್ಟ ಲಾರಿಯ ಮುಂದಿನ ಅಚ್ಚು
ಸೋಮವಾರದಿಂದ ಎರಡು ಸ್ಟ್ಯಾಂಡಿನ ಮೇಲೆ ಮಲಗಿದೆ,
ದಿನ ತುಂಬಿದ ಕುರಿಯ ಹಾಗೆ, ಯಾರ ಮುಖವನ್ನೂ ನೋಡದೆ.

ಗ್ರಾಸಿಯಾನ ಎಚೆಬೆರ್ರಿ ಅದರ ಸುತ್ತ ಒಂದು ಸುತ್ತು ಬಂದು
ಸೀಮೆಸುಣ್ಣದಲ್ಲಿ ಗೆರೆ ಎಳೆದಳು: ಇಲ್ಲಿ ಕತ್ತರಿಸು.
"ಇಲ್ಲಿ? ಕಾರ್ಖಾನೆ ಬೆಸೆದದ್ದನ್ನೇ?"
"ಕಾರ್ಖಾನೆಗೆ ನಮ್ಮ ಕೊರಕಲು ಗೊತ್ತಿತ್ತೇನು?"

ಹೋದ ಸೆಪ್ಟೆಂಬರಿನಲ್ಲಿ ಅಬುಂಡಿಯೊ ನೀರಿನ ಲಾರಿ ಹತ್ತಿಸುತ್ತಿದ್ದ,
ಮೇಲೆ ಸಾವಿರದ ಎಂಟುನೂರು ಕುರಿ, ಬಾಯಿ ಒಣಗಿಸಿಕೊಂಡು.
ತಿರುವಿನಲ್ಲಿ ಗಾಲಿ ಪೂರಾ ತಿರುಗಲಿಲ್ಲ.
ಮುಂದೆ, ಹಿಂದೆ, ಮುಂದೆ; ಮೂರನೆಯ ಸಲ
ಬಂಡೆಗೆ ಬಡಿದು
ಸ್ಟೀರಿಂಗು ಗರ್ರನೆ ತಾನೇ ತಿರುಗಿತು.
ಹೆಬ್ಬೆರಳನ್ನು ಒಳಗಿಟ್ಟು ಹಿಡಿದಿದ್ದ.
ಮಣಿಕಟ್ಟು ಮುರಿದ ಸದ್ದು ಪಕ್ಕದಲ್ಲಿ ಕೂತ ನನಗೆ ಕೇಳಿಸಿತು,
ಒಣಗಿದ ಕಡ್ಡಿ ಮುರಿದಷ್ಟೇ, ದೊಡ್ಡದೇನಲ್ಲ.

ಆಮೇಲೆ ನಾನು ಮಂದೆ ಬಿಟ್ಟು ಈ ಗ್ಯಾರೇಜಿಗೆ ಬಂದೆ.
ಪೆರುವಿನಿಂದ ಕಾಯಲು ಬಂದವನು ತೇಯಲು ಕಲಿತೆ.

ಗ್ರೈಂಡರಿನ ಕಿಡಿ ಬೂಟಿನೊಳಗೆ ಇಳಿಯುತ್ತದೆ.
ಹಳೆಯ ಬೆಸುಗೆ ಹೋದರೂ ಗಾಲಿಯ ಕೀಲು ಹಿಡಿಯುವ ತೋಳು ಕದಲದು.
ಕಾಯಿಸಿದೆವು. ಸುತ್ತಿಗೆಯಲ್ಲಿ ಹೊಡೆದೆವು. ಬೈದೆವು:
ಅವಳು ಬಾಸ್ಕ್ ಮಾತಲ್ಲಿ, ನಾನು ಕೆಚುವಾದಲ್ಲಿ.
ಕಬ್ಬಿಣಕ್ಕೆ ಎರಡೂ ಬಂದಂತಿರಲಿಲ್ಲ.
ಮಧ್ಯಾಹ್ನ ಮೂರಕ್ಕೆ ಒಂದು ಕೂದಲೆಳೆ ಸರಿಯಿತು.
ಆಮೇಲೆ ಇನ್ನೊಂದು.

"ಕಿಂಗ್‌ಪಿನ್ನಿನ ತಲೆ ಆರು ಡಿಗ್ರಿ ಹಿಂದಕ್ಕೆ ವಾಲಬೇಕು,"
ಎಂದಳು, "ಹಾಗಿದ್ದರೇ ಗಾಲಿಗೆ ನೆಟ್ಟಗಿನ ನೆನಪು ಉಳಿಯೋದು.
ಸ್ಪ್ರಿಂಗ್ ಎತ್ತರಿಸಿದವರು ಆ ನೆನಪನ್ನೇ ಅಳಿಸಿಬಿಟ್ಟರು."
ಏನೋ ದೊಡ್ಡ ಮಾತಾಡಿಬಿಟ್ಟೆನೆಂದು ನಾಚಿ
ಕೋನಮಾಪಕವನ್ನು ಪ್ಯಾಂಟಿಗೆ ಒರೆಸಿದಳು.

ಟೈರಿನ ಮೇಲೆ ಕೂತು ನೋಡುತ್ತಿದ್ದ ಅಬುಂಡಿಯೊ
ಅದನ್ನು ಇಸಿದುಕೊಂಡು
ತನ್ನ ಬಲ ಮಣಿಕಟ್ಟಿನ ಮೇಲಿಟ್ಟ.
ಮುಳ್ಳು ತೂಗಿ ತೂಗಿ ಹನ್ನೊಂದಕ್ಕೆ ನಿಂತಿತು.
ಯಾರೂ ನಗಲಿಲ್ಲ. ಅವನೇ ನಕ್ಕ.

ಬೆಸೆದ ರಾತ್ರಿ ಅದು ಒಮ್ಮೆಲೇ ತಣಿಯಬಾರದು,
ಬೇಗ ತಣಿದದ್ದು ಬಿರಿಯುತ್ತದೆ.
ಬೆಂಕಿ ತಾಳುವ ಕಂಬಳಿ ಸುತ್ತಿ, ಮೇಲೆ ಹಳೆಯ ಉಣ್ಣೆಚೀಲ ಹೊದಿಸಿದೆವು;
ಬಿಸಿಗೆ ಕಮಟು ವಾಸನೆ ಎದ್ದು ಗ್ಯಾರೇಜೆಲ್ಲ ದೊಡ್ಡಿಯಾಯಿತು.
ಎರಡು ಗಂಟೆಗೆ ಎದ್ದು ಚೀಲದಡಿ ಕೈ ತೂರಿಸಿ ನೋಡಿದೆ,
ಹಿಮದಲ್ಲಿ ಹುಟ್ಟಿದ ಮರಿಯನ್ನು ಮುಟ್ಟುವ ಹಾಗೆ.
ಬೆಚ್ಚಗಿತ್ತು.
ಅಭ್ಯಾಸಬಲ, ಕಿವಿಯಿಟ್ಟು ಉಸಿರನ್ನೂ ಕೇಳಿದೆ.

ಉಳಿದದ್ದು ಸಣ್ಣಪುಟ್ಟ ಕೆಲಸ: ಹೊಸ ಬೇರಿಂಗು, ಕೀಲೆಣ್ಣೆ,
ತಿರುವಿಗೆ ಅಡ್ಡಬರುತ್ತಿದ್ದ ಗೂಟವನ್ನು ಬೆರಳಗಲ ತೇದದ್ದು,
ಬಂಡೆಯ ಒದೆತವನ್ನು ಕೈಗೆ ಮುಟ್ಟಿಸದೆ ತಾನೇ ನುಂಗುವ
ಒಂದು ಎಣ್ಣೆಯ ಸಿಲಿಂಡರು.
ಕುರಿಗಳು ಅವಳ ಅಣ್ಣನವು; ಬಿಲ್ಲಿನಲ್ಲಿ
ಸಿಲಿಂಡರನ್ನು ಎರಡು ಸಲ ಬರೆದಳು.

ಶನಿವಾರ ಉಪ್ಪಿನ ಬಯಲಿಗೆ ಇಳಿಸಿದೆವು.
ಅಬುಂಡಿಯೊ ಎಡಗೈಯಲ್ಲಿ ಪೂರಾ ತಿರುಗಿಸಿ
ಹಿಡಿತ ಸಡಿಲಿಸಿದ.
ಸ್ಟೀರಿಂಗು ಅವಸರವಿಲ್ಲದೆ ಅಂಗೈ ಸವರಿಕೊಂಡು
ನಡುವಿಗೆ ಬಂದು ನಿಂತಿತು. ಮತ್ತೊಮ್ಮೆ. ಮತ್ತೊಮ್ಮೆ.
ಉಪ್ಪಿನ ಮೇಲೆ ಎಂಟರ ಅಂಕಿ, ಅದರ ಮೇಲೆ ಇನ್ನೊಂದು ಎಂಟು.

ಪಕ್ಕದಲ್ಲಿ ಕೂತ ಗ್ರಾಸಿಯಾನ ನೋಡುತ್ತಿದ್ದದ್ದು ಬಯಲನ್ನಲ್ಲ,
ಅವನ ಹೆಬ್ಬೆರಳನ್ನು.
ಹೊರಗೇ ಇತ್ತು.
ಕೊರಕಲಿಗೆ ಯಾವಾಗ ಎಂದು ಯಾರೂ ಕೇಳಲಿಲ್ಲ.